ಹೃದಯದ ಆಪರೇಷನ್ ಆದವರಿಗೆ ‘ರಕ್ತ ತೆಳು’ ಮಾಡುವ ಔಷಧಿ ಆಗಿಬರದಿದ್ದರೆ?

ಹೃದಯದ ಆಪರೇಷನ್ ಮುಗಿಸಿ ಊರಿಗೆ ಬಂದವರ ಮನೆಯ ವಾಟ್ಸಾಪ್ ಗ್ರೂಪಿಗೆ ಎರಡು ಬಗೆಯ ಸಂದೇಶಗಳು ಬರುತ್ತಿರುತ್ತವೆ. ಒಂದು, “ರಕ್ತ ತೆಳು ಮಾಡೋ ಗುಳಿಗಿ ಅಂದ್ರ ಇಲಿ ಪಾಷಾಣ, ಇವತ್ತೇ ಬಿಡಸ್ರಿ” ಎನ್ನುವುದು. ಇನ್ನೊಂದು, “ಪ್ಲೇಟ್‌ಲೆಟ್ ಇಳದಾವಂದ್ರ ಪಪಾಯಿ ಎಲಿ ರಸ ಕುಡಸ್ರಿ” ಎನ್ನುವುದು. ಮೊದಲನೆಯದರಲ್ಲಿ ಅರ್ಧ ಸತ್ಯವಿದೆ. ಎರಡನೆಯದು ಡೆಂಗಿಯ ಲೆಕ್ಕವನ್ನು ತಂದು ಹೃದಯಕ್ಕೆ ಹಚ್ಚಿದ್ದು. ಎರಡನ್ನೂ ಕಣ್ಣು ಮುಚ್ಚಿ ಪಾಲಿಸಿದರೆ ಜೀವಕ್ಕೆ ಕುತ್ತು.

ಚಿಕ್ಕದಾಗಿ ಹೇಳಬೇಕೆಂದರೆ, ಈ ಔಷಧಿಗಳು ಕೆಲವರಿಗೆ ಆಗಿಬರುವುದಿಲ್ಲ ಎನ್ನುವುದು ನಿಜ. ಆದರೆ ‘ಆಗಿಬರಲಿಲ್ಲ’ ಎಂದರೆ ಎಲ್ಲರಿಗೂ ರಕ್ತ ಸೋರುತ್ತದೆ ಎಂದು ಅರ್ಥವಲ್ಲ. ಕೆಲವರಲ್ಲಿ ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಔಷಧಿಯೇ ರಕ್ತವನ್ನು ಹೆಪ್ಪುಗಟ್ಟಿಸಿಬಿಡುತ್ತದೆ. ಅದು ಕಾಣಿಸಿಕೊಳ್ಳುವ ಹೊತ್ತಿಗೆ ರೋಗಿ ಆಸ್ಪತ್ರೆ ಬಿಟ್ಟು ಮನೆಗೆ ಬಂದಿರುವುದೂ ಉಂಟು.

ಆಪರೇಷನ್ ದೂರದಲ್ಲಿ, ಆರೈಕೆ ಊರಲ್ಲಿ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯವರು ತೆರೆದ ಹೃದಯದ ಆಪರೇಷನ್ ಎಂದರೆ ಹೆಚ್ಚಾಗಿ ಹುಬ್ಬಳ್ಳಿ, ಬೆಳಗಾವಿ, ಕಲಬುರಗಿ ಅಥವಾ ಬೆಂಗಳೂರಿನ ದಾರಿ ಹಿಡಿಯುತ್ತಾರೆ. ಬೆಂಗಳೂರು ಇಲ್ಲಿಂದ 350 ಕಿಲೋಮೀಟರಿನ ಆಸುಪಾಸು. ಹಿಂದೆ ಈ ದಾರಿ ಹಿಡಿಯಲು ದುಡ್ಡೇ ಇರುತ್ತಿರಲಿಲ್ಲ. ಬಡವರ ದೊಡ್ಡ ಚಿಕಿತ್ಸೆಗಳ ಖರ್ಚನ್ನು ಸರ್ಕಾರವೇ ಭರಿಸುವ ವಾಜಪೇಯಿ ಆರೋಗ್ಯಶ್ರೀ ಯೋಜನೆ 2010ರಲ್ಲಿ ಶುರುವಾದದ್ದು ನಮ್ಮ ಕಲಬುರಗಿ ವಿಭಾಗದಿಂದಲೇ. ಹೃದಯದ ಕಾಯಿಲೆಗಳು ಅದರಲ್ಲಿ ಮುಖ್ಯವಾಗಿದ್ದವು. ಈ ಯೋಜನೆಯ ಬಗ್ಗೆ 2014ರಲ್ಲಿ ಬಿಎಂಜೆ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಯೋಜನೆಯ ವ್ಯಾಪ್ತಿಗೆ ಬರುವ ಕಾಯಿಲೆಗಳಿಂದ ಆದ ಸಾವು, ಯೋಜನೆ ಸಿಕ್ಕ ಬಡ ಕುಟುಂಬಗಳಲ್ಲಿ ಶೇ. 0.32 ಇದ್ದರೆ, ಸಿಗದ ಬಡ ಕುಟುಂಬಗಳಲ್ಲಿ ಶೇ. 0.90 ಇತ್ತು. 2018ರಿಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಆ ಜಾಗಕ್ಕೆ ಬಂದಿದೆ.

ಆಪರೇಷನ್ನಿಗೆ ದಾರಿಯಾಯಿತು, ಒಳ್ಳೆಯದು. ಆದರೆ ಆಪರೇಷನ್ ಮಾಡಿದ ಡಾಕ್ಟರು ಅಲ್ಲಿ, ಜ್ವರ ಬಂದರೆ ನೋಡುವ ಡಾಕ್ಟರು ಇಲ್ಲಿ. ನಡುವೆ ಇರುವುದು ಒಂದು ಡಿಸ್ಚಾರ್ಜ್ ಕಾಗದ. ಈ ಲೇಖನದ ಅರ್ಧ ಭಾಗ ಆ ಕಾಗದದ ಬಗ್ಗೆಯೇ ಇದೆ.

‘ತೆಳು’ ಎಂಬ ಮಾತೇ ದಾರಿ ತಪ್ಪಿಸುತ್ತದೆ

ರಕ್ತ ತೆಳುವಾಗುತ್ತದೆ ಎಂದಾಗ ಮಜ್ಜಿಗೆಗೆ ನೀರು ಬೆರೆಸಿದ ಚಿತ್ರ ಕಣ್ಣಮುಂದೆ ಬರುತ್ತದೆ. ಹಾಗೇನೂ ಆಗುವುದಿಲ್ಲ. ರಕ್ತ ಇದ್ದ ಹಾಗೆಯೇ ಇರುತ್ತದೆ, ಹೆಪ್ಪುಗಟ್ಟುವ ಕೆಲಸ ಮಾತ್ರ ನಿಧಾನವಾಗುತ್ತದೆ. “ಗುಳಿಗಿ ತೊಗೊಂಡು ರಕ್ತ ನೀರಾಗೇತಿ, ಅದಕ್ಕ ಸುಸ್ತು” ಎನ್ನುವ ಮಾತಿಗೂ ಆಧಾರವಿಲ್ಲ. ಸುಸ್ತಿಗೆ ಬೇರೆ ಕಾರಣ ಹುಡುಕಬೇಕು. ಒಳಗೆಲ್ಲೋ ರಕ್ತ ಸೋರಿ ಹಿಮೋಗ್ಲೋಬಿನ್ ಇಳಿದಿರಬಹುದು, ಅದನ್ನು ಪರೀಕ್ಷಿಸಬೇಕು.

ಈ ಔಷಧಿಗಳಲ್ಲಿ ಮೂರು ಗುಂಪು. ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟದಂತೆ ನೋಡಿಕೊಳ್ಳುತ್ತವೆ. ಸ್ಟೆಂಟ್ ಮತ್ತು ಬೈಪಾಸ್ ಆದವರಿಗೆ ಹೆಚ್ಚಾಗಿ ಇವು. ವಾರ್ಫರಿನ್ ಮತ್ತು ಅಸಿಟ್ರಾಮ್ ಹೆಸರಿನಲ್ಲಿ ಸಿಗುವ ಗುಳಿಗೆಗಳು ಲೋಹದ ಕವಾಟ ಹಾಕಿಸಿಕೊಂಡವರಿಗೆ. ಮೂರನೆಯದು ಹೆಪಾರಿನ್, ಇಂಜೆಕ್ಷನ್. ಹೃದಯ ನಿಲ್ಲಿಸಿ ಆಪರೇಷನ್ ಮಾಡುವಾಗ ರಕ್ತ ಹೊರಗಿನ ಯಂತ್ರದ ಪ್ಲಾಸ್ಟಿಕ್ ಕೊಳವೆಗಳಲ್ಲಿ ಸುತ್ತಿ ಬರಬೇಕು. ಹೊರಗಿನ ವಸ್ತು ತಗುಲಿದರೆ ಹೆಪ್ಪುಗಟ್ಟುವುದು ರಕ್ತದ ಗುಣ. ಅದನ್ನು ತಡೆಯಲು ಆ ಹೊತ್ತಿಗೆ ದೊಡ್ಡ ಪ್ರಮಾಣದಲ್ಲಿ ಹೆಪಾರಿನ್ ಕೊಡುತ್ತಾರೆ, ಕೆಲಸ ಮುಗಿದ ಮೇಲೆ ಪ್ರೋಟಮಿನ್ ಎಂಬ ಇನ್ನೊಂದು ಔಷಧಿಯಿಂದ ಅದರ ಪ್ರಭಾವ ತೆಗೆಯುತ್ತಾರೆ. ಅಂದರೆ ಇಂಥ ಆಪರೇಷನ್ ಆದವರೆಲ್ಲರ ಮೈಯಲ್ಲೂ ಹೆಪಾರಿನ್ ಹರಿದಿರುತ್ತದೆ ಎಂದೇ ಹೇಳಬಹುದು, ಅವರಿಗೆ ಗೊತ್ತಿರಲಿ ಬಿಡಲಿ.

ಹೆಪಾರಿನ್ ತಿರುಗಿಬಿದ್ದಾಗ

ಪ್ಲೇಟ್‌ಲೆಟ್‌ಗಳಿಂದ ಪಿಎಫ್-4 ಎಂಬ ಪ್ರೋಟೀನ್ ಹೊರಬರುತ್ತದೆ. ಹೆಪಾರಿನ್ ಅದಕ್ಕೆ ಅಂಟಿಕೊಳ್ಳುತ್ತದೆ. ಕೆಲವರ ದೇಹ ಈ ಜೋಡಿಯನ್ನು ಹೊರಗಿನ ಶತ್ರು ಎಂದು ಭಾವಿಸಿ ಅದರ ವಿರುದ್ಧ ಪ್ರತಿಕಾಯ ತಯಾರಿಸುತ್ತದೆ. ಆ ಪ್ರತಿಕಾಯಗಳು ಪ್ಲೇಟ್‌ಲೆಟ್‌ಗಳನ್ನು ಕೆರಳಿಸುತ್ತವೆ. ಕೆರಳಿದ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿ ಕಾಲಿನ ರಕ್ತನಾಳದಲ್ಲಿ, ಶ್ವಾಸಕೋಶದಲ್ಲಿ, ಕೆಲವೊಮ್ಮೆ ಮೆದುಳಿನಲ್ಲಿ ಹೆಪ್ಪುಗಟ್ಟುತ್ತವೆ. ಹಾಗೆ ಖರ್ಚಾಗಿ ಹೋಗುವುದರಿಂದ ರಕ್ತಪರೀಕ್ಷೆಯಲ್ಲಿ ಅವುಗಳ ಸಂಖ್ಯೆ ಕಡಿಮೆ ಕಾಣುತ್ತದೆ.

ಇದನ್ನು ವೈದ್ಯರು ಚಿಕ್ಕದಾಗಿ ಎಚ್‌ಐಟಿ ಎನ್ನುತ್ತಾರೆ. ಕಾಗದದಲ್ಲಿ ಈ ಮೂರಕ್ಷರ ನೋಡಿ ಎಚ್‌ಐವಿ ಎಂದು ಓದಿಕೊಂಡು ಗಾಬರಿಯಾಗಬೇಡಿ. ಎರಡಕ್ಕೂ ಸಂಬಂಧವೇ ಇಲ್ಲ, ಇದು ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ. (ಕೋವಿಶೀಲ್ಡ್ ಲಸಿಕೆಯಿಂದ ರಕ್ತ ಹೆಪ್ಪುಗಟ್ಟುತ್ತದೆ ಎಂದು 2024ರಲ್ಲಿ ಫಾರ್ವರ್ಡ್‌ಗಳು ಹರಿದಾಡಿದ್ದವಲ್ಲ, ಆ ಅತಿ ಅಪರೂಪದ ಅಡ್ಡಪರಿಣಾಮದಲ್ಲೂ ಪ್ರತಿಕಾಯ ಎರಗುವುದು ಇದೇ ಪಿಎಫ್-4 ಮೇಲೆ.)

ಎಷ್ಟು ಜನಕ್ಕೆ ಆಗುತ್ತದೆ? ಹೃದಯದ ಆಪರೇಷನ್ ಆದ ನೂರು ಜನರಲ್ಲಿ ಸುಮಾರು ಒಬ್ಬರಿಂದ ಮೂವರಿಗೆ. ಕಡಿಮೆಯೇ. ಆದರೆ ಗುರುತಿಸದೆ ಬಿಟ್ಟರೆ ಅಂಥವರಲ್ಲಿ ಅರ್ಧದಷ್ಟು ಮಂದಿಗೆ ಹೆಪ್ಪಿನ ತೊಂದರೆ ಬರಬಹುದು. ಕೈಕಾಲಿಗೆ ರಕ್ತ ನಿಂತು ಕತ್ತರಿಸಬೇಕಾಗುವ ಸ್ಥಿತಿಯೂ ಬರುತ್ತದೆ, ಸಾವೂ ಆಗುತ್ತದೆ.

ದಿನಗಳ ಲೆಕ್ಕ ಇಲ್ಲಿ ಬಹಳ ಮುಖ್ಯ. ಪ್ಲೇಟ್‌ಲೆಟ್ ಸಾಮಾನ್ಯವಾಗಿ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದವರೆಗೆ ಇರುತ್ತದೆ. ಯಂತ್ರದ ಮೇಲೆ ಆಪರೇಷನ್ ಆದಮೇಲೆ ಮೊದಲ ಎರಡು ಮೂರು ದಿನ ಹೆಚ್ಚುಕಡಿಮೆ ಎಲ್ಲರಲ್ಲೂ ಅದು ಇಳಿಯುತ್ತದೆ, ನಂತರ ತಾನಾಗಿ ಏರುತ್ತದೆ. ಅದಕ್ಕೆ ಹೆದರಬೇಕಿಲ್ಲ. ಏರಿದ್ದು ಐದರಿಂದ ಹತ್ತನೆಯ ದಿನದೊಳಗೆ ಮತ್ತೆ ಅರ್ಧಕ್ಕೆ ಕುಸಿದರೆ ಸಂಶಯ ಪಡಬೇಕು. ಹಿಂದಿನ ಮೂರು ತಿಂಗಳಲ್ಲಿ ಆಂಜಿಯೋಗ್ರಾಂ ಅಥವಾ ಇನ್ನಾವುದಕ್ಕೋ ಹೆಪಾರಿನ್ ಪಡೆದವರಲ್ಲಿ ಪ್ರತಿಕಾಯ ಮೊದಲೇ ತಯಾರಿರುವುದರಿಂದ ಒಂದೇ ದಿನದಲ್ಲೂ ಕುಸಿಯಬಹುದು. ಇನ್ನು ಕೆಲವರಲ್ಲಿ ಹೆಪಾರಿನ್ ನಿಲ್ಲಿಸಿ ವಾರ, ಎರಡು ವಾರ ಕಳೆದಮೇಲೆ ತೊಂದರೆ ತೋರುತ್ತದೆ.

ಈಗ ಈ ದಿನಗಳನ್ನು ನಮ್ಮೂರಿನ ಕ್ಯಾಲೆಂಡರ್ ಮೇಲೆ ಇಟ್ಟು ನೋಡಿ. ಏಳೆಂಟು ದಿನಕ್ಕೆ ಡಿಸ್ಚಾರ್ಜ್, ರಾತ್ರಿ ಬಸ್ಸಿನಲ್ಲೋ ಬಾಡಿಗೆ ಗಾಡಿಯಲ್ಲೋ ಕೊಪ್ಪಳ, ಅಲ್ಲಿಂದ ಹಳ್ಳಿ. ಮರುದಿನ ಒಂದೇ ಕಾಲು ಊದಿಕೊಂಡು ಮೀನಖಂಡ ನೋಯುತ್ತದೆ. ಮನೆಯವರು “ಕಾಲು ಜೋತುಬಿಟ್ಟು ಕುಂತು ಬಂದಾರ, ಬಾವು ಬಂದೈತಿ” ಎಂದುಕೊಳ್ಳುತ್ತಾರೆ. ಬೈಪಾಸ್ ಆದವರಿಗೆ ಕಾಲಿನಿಂದ ರಕ್ತನಾಳ ತೆಗೆದಿದ್ದರೆ ಆ ಕಾಲು ಸ್ವಲ್ಪ ಊದುವುದು ಸಹಜವೂ ಹೌದು, ಹಾಗಾಗಿ ಇನ್ನಷ್ಟು ಗೊಂದಲ. ಹೀಗಿರುವಾಗ ತಾವೇ ತೀರ್ಮಾನಿಸದೆ ಅಂದೇ ತೋರಿಸುವುದು ವಾಸಿ. ಉಸಿರು ಕಟ್ಟುವುದು, ಎದೆ ಚುಚ್ಚುವುದು, ಕೈಬೆರಳು ಕಾಲ್ಬೆರಳು ತಣ್ಣಗಾಗಿ ಕಪ್ಪಿಡುವುದು, ಮಾತು ತೊದಲುವುದು, ಇಂಜೆಕ್ಷನ್ ಕೊಟ್ಟ ಜಾಗದಲ್ಲಿ ಚರ್ಮ ಕಪ್ಪಾಗಿ ಹುಣ್ಣಾಗುವುದು ಕಂಡರೆ ಕಾಯಲೇಬಾರದು, 108ಕ್ಕೆ ಕರೆ ಮಾಡಿ. ಹೋದಲ್ಲಿ ಮೊದಲು ಹೇಳಬೇಕಾದ ಮಾತು: “ಇಂಥಾ ದಿನ ಹೃದಯದ ಆಪರೇಷನ್ ಆಗೇತ್ರಿ, ಹೆಪಾರಿನ್ ಕೊಟ್ಟಾರ, ಪ್ಲೇಟ್‌ಲೆಟ್ ನೋಡ್ರಿ.”

ಏಕೆಂದರೆ ಕಾಲಿನಲ್ಲಿ ಹೆಪ್ಪು ಕಂಡಾಗ ಯಾವುದೇ ಆಸ್ಪತ್ರೆಯಲ್ಲಿ ಸಾಮಾನ್ಯವಾಗಿ ಮೊದಲು ಕೊಡುವ ಔಷಧಿಯೇ ಹೆಪಾರಿನ್. ಎಚ್‌ಐಟಿ ಇರುವವರಿಗೆ ಅದನ್ನು ಕೊಟ್ಟರೆ ಉರಿಯುವ ಬಣವಿಗೆ ಸೀಮೆಎಣ್ಣೆ ಸುರಿದಂತೆ. ಆಪರೇಷನ್ ಆಗಿ ಎಷ್ಟು ದಿನವಾಯಿತು ಎಂಬುದು ಗೊತ್ತಾಗದಿದ್ದರೆ ಒಳ್ಳೆಯ ವೈದ್ಯರಿಗೂ ಹೊಳೆಯದೆ ಹೋಗಬಹುದು.

ಪಪಾಯಿ ಎಲೆ ರಸದ ತಪ್ಪು ಲೆಕ್ಕ

ಡೆಂಗಿಯಲ್ಲಿ ಪ್ಲೇಟ್‌ಲೆಟ್ ಇಳಿದಾಗ ಭಯ ರಕ್ತಸ್ರಾವದ್ದು. ಪ್ರತಿ ಮಳೆಗಾಲ ಆ ಪಾಠ ಕೇಳಿ ಕೇಳಿ ‘ಪ್ಲೇಟ್‌ಲೆಟ್ ಇಳಿದರೆ ಏರಿಸು’ ಎಂಬುದು ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಡೆಂಗಿಯಲ್ಲೇ ಪಪಾಯಿ ಎಲೆಯ ಪ್ರಯೋಜನದ ಬಗ್ಗೆ ಇರುವ ಸಾಕ್ಷ್ಯ ಗಟ್ಟಿಯಿಲ್ಲ. ಎಚ್‌ಐಟಿಯಲ್ಲಂತೂ ಸಮಸ್ಯೆಯೇ ತಿರುವುಮುರುವು. ಇಲ್ಲಿ ಪ್ಲೇಟ್‌ಲೆಟ್ ಕಡಿಮೆ ಎನ್ನುವುದು ಅವು ಎಲ್ಲೋ ಹೆಪ್ಪುಗಟ್ಟುತ್ತಿರಬಹುದು ಎಂಬುದರ ಸುಳಿವು. ಅದಕ್ಕೇ ತೀವ್ರ ರಕ್ತಸ್ರಾವ ಆಗುತ್ತಿಲ್ಲದಿದ್ದರೆ ವೈದ್ಯರು ಪ್ಲೇಟ್‌ಲೆಟ್ ಚೀಲ ಕೂಡ ಏರಿಸುವುದಿಲ್ಲ. “ಪ್ಲೇಟ್‌ಲೆಟ್ ಇಷ್ಟು ಕಮ್ಮಿ ಅದಾವು, ಯಾಕ ಹಾಕವಲ್ಲರು?” ಎಂದು ಡಾಕ್ಟರ ಮೇಲೆ ರೇಗುವ ಸಂಬಂಧಿಕರಿಗೆ ಈ ಒಂದು ಸಂಗತಿ ಗೊತ್ತಿದ್ದರೆ ಎಷ್ಟೋ ಜಗಳ ತಪ್ಪುತ್ತದೆ.

ಹಾಗಾದರೆ ಚಿಕಿತ್ಸೆ ಏನು? ಮೊದಲು ಎಲ್ಲ ರೂಪದ ಹೆಪಾರಿನ್ ನಿಲ್ಲಿಸುತ್ತಾರೆ. ಹೊಟ್ಟೆಯ ಚರ್ಮಕ್ಕೆ ಚುಚ್ಚುವ ಎನಾಕ್ಸಪಾರಿನ್ ಕೂಡ ಅದೇ ಜಾತಿಯದು, ಅದೂ ಬಂದ್. ಆದರೆ ಬರೀ ನಿಲ್ಲಿಸಿದರೆ ಸಾಲದು, ಕೆರಳಿದ ಪ್ಲೇಟ್‌ಲೆಟ್‌ಗಳು ಇನ್ನೂ ಇರುತ್ತವೆ. ಆದ್ದರಿಂದ ಆರ್ಗಾಟ್ರೋಬಾನ್, ಬೈವಾಲಿರುಡಿನ್, ಫಾಂಡಾಪ್ಯಾರಿನಕ್ಸ್‌ನಂಥ, ಹೆಪಾರಿನ್ ಅಲ್ಲದ ಔಷಧಿಯನ್ನು ತಕ್ಷಣ ಶುರುಮಾಡುತ್ತಾರೆ. ‘ರಕ್ತ ತೆಳು ಮಾಡುವ ಔಷಧಿಯಿಂದ ತೊಂದರೆಯಾಯಿತು, ಮತ್ತೆ ರಕ್ತ ತೆಳು ಮಾಡುವ ಔಷಧಿ ಕೊಡುತ್ತಿದ್ದಾರೆ’ ಎಂದು ಮನೆಯವರಿಗೆ ವಿಚಿತ್ರವೆನಿಸಬಹುದು, ಆದರೆ ಅದೇ ಸರಿಯಾದ ದಾರಿ. ವಾರ್ಫರಿನ್ ಗುಳಿಗೆಯನ್ನು ಪ್ಲೇಟ್‌ಲೆಟ್ ಚೇತರಿಸಿಕೊಂಡ ಮೇಲೆ, ಸಾಮಾನ್ಯವಾಗಿ ಒಂದೂವರೆ ಲಕ್ಷ ದಾಟಿದ ಮೇಲೆ ಕೊಡುತ್ತಾರೆ. ಅವಸರದಲ್ಲಿ ಮೊದಲೇ ಕೊಟ್ಟರೆ ಚರ್ಮ, ಬೆರಳು ಕೊಳೆಯುವ ಅಪಾಯವಿದೆ.

ಒಮ್ಮೆ ಆದವರಿಗೆ ಇನ್ನೊಂದು ಆಪರೇಷನ್ ಬೇಕಾದರೆ?

ಮಾಡಿಸಬಹುದು. ಈ ಪ್ರತಿಕಾಯಗಳು ಜೀವನಪೂರ್ತಿ ಇರುವುದಿಲ್ಲ, ಹೆಚ್ಚಿನವರಲ್ಲಿ ಸುಮಾರು ನೂರು ದಿನದೊಳಗೆ ರಕ್ತದಿಂದ ಮಾಯವಾಗುತ್ತವೆ. ಅವಸರವಿಲ್ಲದ ಆಪರೇಷನ್ ಆದರೆ ವೈದ್ಯರು ಕಾಯುತ್ತಾರೆ. ಪ್ರತಿಕಾಯ ಇಲ್ಲವೆಂದು ಪರೀಕ್ಷೆಯಲ್ಲಿ ಖಚಿತವಾದರೆ ಆಪರೇಷನ್ ನಡೆಯುವ ಹೊತ್ತಿಗೆ ಮಾತ್ರ ಹೆಪಾರಿನ್ ಬಳಸಿ, ಮುಂಚೆ ಮತ್ತು ನಂತರ ಬೇರೆ ಔಷಧಿ ಕೊಡುತ್ತಾರೆ. ಕಾಯಲು ಆಗದಿದ್ದರೆ ಬೈವಾಲಿರುಡಿನ್ ಮೇಲೆ ಆಪರೇಷನ್ ಮಾಡುವ, ಅಥವಾ ಪ್ಲಾಸ್ಮಾ ಬದಲಿಸಿ ಪ್ರತಿಕಾಯ ಇಳಿಸುವ ವಿಧಾನಗಳಿವೆ. ಬೈವಾಲಿರುಡಿನ್‌ಗೆ ಪ್ರೋಟಮಿನ್‌ನಂಥ ಪ್ರತಿಔಷಧಿ ಇಲ್ಲ, ದುಬಾರಿ ಕೂಡ. ಆದ್ದರಿಂದ ಇದೆಲ್ಲ ಅನುಭವವಿರುವ ದೊಡ್ಡ ಕೇಂದ್ರದಲ್ಲೇ ಆಗಬೇಕಾದ ಕೆಲಸ.

ಆಪರೇಷನ್ ಬಿಡಿ, ಹೆಪಾರಿನ್ ಅಡಗಿ ಕೂತಿರುವ ಸಣ್ಣ ಜಾಗಗಳೂ ಇವೆ. ಸಲೈನ್ ಸೂಜಿ ಕಟ್ಟದಂತೆ ತೊಳೆಯಲು ಕೆಲವು ಕಡೆ ಹೆಪಾರಿನ್ ನೀರು ಬಳಸುತ್ತಾರೆ. ಡಯಾಲಿಸಿಸ್‌ನಲ್ಲಿ ಪ್ರತಿ ಸರ್ತಿ ಬಳಸುತ್ತಾರೆ. ಸಲೈನ್ ಹಾಕಿದ ಕೈ ಬಾತುಕೊಂಡರೆ ಮೆಡಿಕಲ್ ಶಾಪಿನಿಂದ ತಂದು ಹಚ್ಚುವ ಥ್ರಾಂಬೋಫಾಬ್ ಮುಲಾಮಿನಲ್ಲೂ ಇರುವುದು ಹೆಪಾರಿನ್ನೇ, ಟ್ಯೂಬಿನ ಮೇಲೆ ಬರೆದಿರುತ್ತದೆ ನೋಡಿ.

ಇಲಿ ಪಾಷಾಣದ ಅರ್ಧ ಸತ್ಯ

ವಾರ್ಫರಿನ್ ಇಲಿ ಪಾಷಾಣವಾಗಿ 1948ರಲ್ಲಿ ಮಾರುಕಟ್ಟೆಗೆ ಬಂದದ್ದು ನಿಜ. ಅದಕ್ಕೂ ಹಿಂದೆ ಅಮೆರಿಕದಲ್ಲಿ ಕೊಳೆತ ಮೇವು ತಿಂದ ದನಗಳು ರಕ್ತ ಸೋರಿ ಸಾಯುತ್ತಿದ್ದವು. ಆ ಮೇವಿನಲ್ಲಿದ್ದ ವಸ್ತುವನ್ನು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಾರ್ಲ್ ಪಾಲ್ ಲಿಂಕ್ ತಂಡ ಪತ್ತೆಹಚ್ಚಿತು, ವಾರ್ಫರಿನ್ ಹುಟ್ಟಿದ್ದು ಅದೇ ಸಂಶೋಧನೆಯಿಂದ. 1954ರಲ್ಲಿ ಮನುಷ್ಯರ ಔಷಧಿಯಾಗಿ ಒಪ್ಪಿಗೆ ಸಿಕ್ಕಿತು. ಅಲ್ಲಿನ ಅಧ್ಯಕ್ಷ ಐಸೆನ್‌ಹೋವರ್‌ಗೆ 1955ರಲ್ಲಿ ಹೃದಯಾಘಾತವಾದಾಗ ಕೊಟ್ಟಿದ್ದೂ ಇದನ್ನೇ. ಪ್ರಮಾಣ ಮೀರಿದರೆ ವಿಷ, ಅಳತೆಯಲ್ಲಿದ್ದರೆ ಮದ್ದು.

ಫಾರ್ವರ್ಡ್ ನಂಬಿ ಗುಳಿಗೆ ಬಿಟ್ಟವರಿಗೆ ಆಗುವುದೇನು? ನಮ್ಮಲ್ಲಿ ಕವಾಟ ಕೆಡಲು ದೊಡ್ಡ ಕಾರಣ ಬಾಲ್ಯದಲ್ಲಿ ಗಂಟಲು ಬೇನೆಯ ಬೆನ್ನಿಗೆ ಬರುವ ರುಮ್ಯಾಟಿಕ್ ಜ್ವರ. ಹಾಗಾಗಿ ಕವಾಟ ಬದಲಿಸಿಕೊಂಡವರಲ್ಲಿ ಮೂವತ್ತು, ನಲವತ್ತರ ಪ್ರಾಯದ ಹೆಣ್ಣುಮಕ್ಕಳು ಬಹಳ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ ರೂಪಿಸಿ 1990ರಲ್ಲಿ ಮೊದಲು ರೋಗಿಗೆ ಅಳವಡಿಸಿದ ದೇಶಿ ಚಿತ್ರಾ ಕವಾಟವಿರಲಿ, ವಿದೇಶದ್ದಿರಲಿ, ಯಾಂತ್ರಿಕ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟುತ್ತದೆ. ಗುಳಿಗೆ ನಿಂತರೆ ಕವಾಟ ಸಿಕ್ಕಿಕೊಳ್ಳಬಹುದು, ಹೆಪ್ಪಿನ ತುಣುಕು ಮೆದುಳಿಗೆ ಹೋಗಿ ಲಕ್ವ ಹೊಡೆಯಬಹುದು. ಕವಾಟದ ಟಿಕ್ ಟಿಕ್ ಸದ್ದು ಇದ್ದಕ್ಕಿದ್ದಂತೆ ಮಂಕಾದರೆ ಅದೂ ಒಂದು ಎಚ್ಚರಿಕೆ.

“ಹೊಸ ಗುಳಿಗಿ ಬಂದಾವು, ರಕ್ತ ಟೆಸ್ಟ್ ಬೇಕಾಗಂಗಿಲ್ಲ” ಎಂಬ ಸಲಹೆಯೂ ಸಿಗುತ್ತದೆ. ಆ ಗುಳಿಗೆಗಳು ಬೇರೆ ಕೆಲವು ರೋಗಗಳಿಗೆ ಒಳ್ಳೆಯವು. ಯಾಂತ್ರಿಕ ಕವಾಟಕ್ಕಲ್ಲ. ಡಾಬಿಗಾಟ್ರಾನ್ ಅನ್ನು ಇಂಥ ರೋಗಿಗಳಲ್ಲಿ ಪರೀಕ್ಷಿಸಿದಾಗ ಹೆಪ್ಪೂ ಹೆಚ್ಚಾಯಿತು, ರಕ್ತಸ್ರಾವವೂ ಹೆಚ್ಚಾಯಿತು. ಅಧ್ಯಯನವನ್ನೇ ನಡುವೆ ನಿಲ್ಲಿಸಿದರು. ಅದರ ಫಲಿತಾಂಶ 2013ರಲ್ಲಿ ಪ್ರಕಟವಾಗಿದೆ.

ವಾರ್ಫರಿನ್ ಅಳತೆ ನೋಡುವ ಪರೀಕ್ಷೆಯ ಹೆಸರು ಪಿಟಿ-ಐಎನ್‌ಆರ್. ಗುಳಿಗೆ ತೆಗೆದುಕೊಳ್ಳದವರಲ್ಲಿ ಅದು 1ರ ಸುತ್ತ ಇರುತ್ತದೆ. ಕವಾಟ ಯಾವುದು, ಎಲ್ಲಿದೆ ಎಂಬುದರ ಮೇಲೆ ಗುರಿ 2ರಿಂದ 3, ಅಥವಾ 2.5ರಿಂದ 3.5. ಇದು ಏರುಪೇರಾಗಲು ಊಟವೂ ಕಾರಣ. ಹಸಿರು ಸೊಪ್ಪಿನಲ್ಲಿರುವ ವಿಟಮಿನ್ ಕೆ ವಾರ್ಫರಿನ್‌ಗೆ ಎದುರಾಳಿ. ಹಾಗೆಂದು ‘ತಪ್ಪಲು ಪಲ್ಯ ಪೂರ್ತಿ ಬಿಡಿ’ ಎನ್ನುವ ಸಲಹೆ ಸರಿಯಲ್ಲ, ವಾರದಿಂದ ವಾರಕ್ಕೆ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ತಿನ್ನಬೇಕು. ನಮ್ಮ ಕಡೆ ಇದು ತೊಡಕಾಗುವುದು ಮನೆ ಬದಲಾದಾಗ. ಗಂಗಾವತಿಯ ಕಾಲುವೆ ಕೆಳಗಿನ ಅನ್ನ-ಸಾರಿನ ಮನೆಯಲ್ಲಿದ್ದ ಸೊಸೆ, ಆಪರೇಷನ್ ಆದಮೇಲೆ ಆರೈಕೆಗೆಂದು ಯಲಬುರ್ಗಾ ಸೀಮೆಯ ತವರಿಗೆ ಹೋಗುತ್ತಾಳೆ ಎನ್ನಿ. ಅಲ್ಲಿ ದಿನಾ ರೊಟ್ಟಿ, ಪುಂಡಿಪಲ್ಯ, ಹಸಿ ಮೆಂತ್ಯೆ. ಅದೇ ಗುಳಿಗೆ, ಅದೇ ಅಳತೆ, ಆದರೆ ಐಎನ್‌ಆರ್ ಇಳಿದಿರುತ್ತದೆ. ಊರು ಬದಲಾದರೆ ಪರೀಕ್ಷೆ ಬೇಗ ಮಾಡಿಸಬೇಕು. ಕುಷ್ಟಗಿಯ ದಾಳಿಂಬೆ ಬಗ್ಗೆಯೂ ಕೇಳುವವರಿದ್ದಾರೆ: ಹಣ್ಣಾಗಿ ಮಿತಿಯಲ್ಲಿ ತಿನ್ನಲು ಅಡ್ಡಿಯಿಲ್ಲ, ದಿನಾ ಲೋಟಗಟ್ಟಲೆ ರಸ ಬೇಡ.

ಊಟಕ್ಕಿಂತ ದೊಡ್ಡ ಅಪಾಯ ಬೇರೆ ಔಷಧಿಗಳದ್ದು. ಮೈಕೈ ನೋವಿಗೆ ಡಿಕ್ಲೋಫೆನಾಕ್, ಭೇದಿಗೆ ಮೆಟ್ರೊನಿಡಜೋಲ್ ನುಂಗಿದರೆ ರಕ್ತಸ್ರಾವ ಹೆಚ್ಚಬಹುದು. ಕ್ಷಯರೋಗದ ರಿಫಾಂಪಿಸಿನ್ ತದ್ವಿರುದ್ಧ, ವಾರ್ಫರಿನ್ ಕೆಲಸವನ್ನೇ ಕುಗ್ಗಿಸುತ್ತದೆ. “ಒಂದು ಸೂಜಿ ಮಾಡ್ರಿ, ಲಗೂ ಕಡಿಮಿ ಆಗ್ಲಿ” ಎಂದು ಸೊಂಟಕ್ಕೆ ಇಂಜೆಕ್ಷನ್ ಹಾಕಿಸಿಕೊಳ್ಳುವ ರೂಢಿಯನ್ನು ಇವರು ಬಿಡಲೇಬೇಕು, ಮಾಂಸದೊಳಗೆ ರಕ್ತ ಕಟ್ಟಿ ಗಡ್ಡೆಯಾಗುತ್ತದೆ. ಕಪ್ಪು ಮಲ, ಕೆಂಪು ಮೂತ್ರ, ನಿಲ್ಲದ ಮೂಗಿನ ರಕ್ತ, ತಲೆಗೆ ಪೆಟ್ಟು, ಇವು ಆಸ್ಪತ್ರೆಗೆ ಓಡಬೇಕಾದ ಸಂದರ್ಭಗಳು. ಅಲ್ಲಿ ವಿಟಮಿನ್ ಕೆ, ಪ್ಲಾಸ್ಮಾ ಕೊಟ್ಟು ಸರಿಪಡಿಸಬಹುದು. ಮುಟ್ಟು ನಿಂತಿದೆ ಎಂಬ ಅನುಮಾನ ಬಂದ ದಿನವೇ ಹೆಣ್ಣುಮಕ್ಕಳು ವೈದ್ಯರನ್ನು ಕಾಣಬೇಕು, ಗರ್ಭದ ಮೊದಲ ಮೂರು ತಿಂಗಳಲ್ಲಿ ವಾರ್ಫರಿನ್ ಮಗುವಿಗೆ ತೊಂದರೆ ಮಾಡಬಲ್ಲದು. ತಾವಾಗಿ ನಿಲ್ಲಿಸಿದರೆ ತಾಯಿಗೇ ಅಪಾಯ.

ಕಾಗದದಲ್ಲಿ ಏನಿರಬೇಕು

ಡಿಸ್ಚಾರ್ಜ್ ದಿನ ಗಡಿಬಿಡಿ ಇರುತ್ತದೆ, ಆದರೂ ಕೇಳಿ ಬರೆಸಿಕೊಳ್ಳಿ: ಯಾವ ಆಪರೇಷನ್, ಯಾವ ತಾರೀಖು, ಕವಾಟದ ಹೆಸರು, ಐಎನ್‌ಆರ್ ಗುರಿ, ಹೆಪಾರಿನ್ ಕೊನೆಯ ಬಾರಿ ಯಾವಾಗ ಕೊಟ್ಟರು, ಬಿಡುಗಡೆಯ ದಿನ ಪ್ಲೇಟ್‌ಲೆಟ್ ಎಷ್ಟಿತ್ತು. ಈ ಕೊನೆಯ ಅಂಕಿ ಬಹಳ ಉಪಯೋಗದ್ದು. ಮೂರು ಲಕ್ಷ ಇದ್ದದ್ದು ಒಂದು ಲಕ್ಷದ ನಲವತ್ತು ಸಾವಿರಕ್ಕೆ ಬಂದರೆ, ಹಳೆಯ ಅಂಕಿ ಗೊತ್ತಿಲ್ಲದವರಿಗೆ ಅದು ‘ಸ್ವಲ್ಪ ಕಡಿಮೆ’ ಅಷ್ಟೇ. ಗೊತ್ತಿದ್ದವರಿಗೆ ಅರ್ಧಕ್ಕಿಂತ ಹೆಚ್ಚು ಕುಸಿತ. ಕಾಗದದ ಫೋಟೊ ತೆಗೆದು ಮನೆಯ ಇಬ್ಬರ ಫೋನಿನಲ್ಲಿ ಇಟ್ಟುಕೊಳ್ಳಿ.

ಎಚ್‌ಐಟಿ ಎಂದು ಹೇಳಿದ್ದರೆ ಇನ್ನೊಂದು ಪ್ರಶ್ನೆ ಕೇಳಲೇಬೇಕು: ಇದು ಅನುಮಾನವೋ, ಪರೀಕ್ಷೆಯಲ್ಲಿ ಖಚಿತವಾದದ್ದೋ? ಆಪರೇಷನ್ ನಂತರ ಸೋಂಕು, ಬೇರೆ ಔಷಧಿಗಳಿಂದಲೂ ಪ್ಲೇಟ್‌ಲೆಟ್ ಇಳಿಯುತ್ತದೆ. ಹೃದಯದ ಆಪರೇಷನ್ ಆದ ಬಹಳಷ್ಟು ಮಂದಿಯಲ್ಲಿ ಪ್ರತಿಕಾಯ ಕಂಡರೂ ಕಾಯಿಲೆ ಬರುವುದು ಕೆಲವರಿಗಷ್ಟೇ. ಖಚಿತವಾಗಿದ್ದರೆ ‘ಹೆಪಾರಿನ್ ಕೊಡಬಾರದು’ ಎಂದು ಕಾಗದದ ಮೇಲ್ಭಾಗದಲ್ಲೇ ಕನ್ನಡ, ಇಂಗ್ಲಿಷ್ ಎರಡರಲ್ಲೂ ಬರೆಸಿ. ಪರೀಕ್ಷೆಯಲ್ಲಿ ಇಲ್ಲವೆಂದು ಬಂದಿದ್ದರೆ ಅದನ್ನೂ ಅಷ್ಟೇ ಸ್ಪಷ್ಟವಾಗಿ ಬರೆಸಿ. ಇಲ್ಲದ ‘ಅಲರ್ಜಿ’ಯ ಚೀಟಿ ಅಂಟಿಕೊಂಡರೆ, ಮುಂದೆ ತುರ್ತಿನಲ್ಲಿ ಸುಲಭವಾಗಿ ಸಿಗುವ ಹೆಪಾರಿನ್ ಬಿಟ್ಟು ದುಬಾರಿ ಔಷಧಿಗಾಗಿ ಊರೂರು ಫೋನ್ ಮಾಡುತ್ತಾ ಹೊತ್ತು ಕಳೆಯಬೇಕಾಗುತ್ತದೆ.